ವಾಲಿದ ಕಳ್ಳಿಯೂ ನಿನ್ನ ಗಾಬರಿಯೂ

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ಗಾಬರಿ ಇಳಿಸಿಬಿಡುತ್ತೇನೆ, ಉಳಿದ ಸುದ್ದಿ ಆಮೇಲೆ. ನಿನ್ನ ಕಳ್ಳಿ ಸಾಯುತ್ತಿಲ್ಲ. ಫೋಟೋದಲ್ಲಿ ಕಂಡಷ್ಟರ ಮಟ್ಟಿಗೆ ಅದಕ್ಕೆ ಕಾಯಿಲೆಯೂ ಇಲ್ಲ. ವಾಲಿದೆ, ಅಷ್ಟೇ. ಸರಿರಾತ್ರಿಯಲ್ಲಿ ಮೂರು ಫೋಟೋ, ಅದರ ಬೆನ್ನಿಗೇ ಅಳುವ ಮುಖಗಳ ಸಾಲು, "ಅಕ್ಕಾ, ಬೀಳ್ತಾ ಇದೆ, ಏನಾದ್ರೂ ಹೇಳು" ಅಂತ ಬಂದರೆ ಯಾರ ಎದೆ ಧಸಕ್ ಅನ್ನುವುದಿಲ್ಲ ಹೇಳು? ಯಾರಿಗೋ ಏನೋ ಆಯಿತೆಂದು ನಿನ್ನ ಭಾವ ಕೂಡ ಎದ್ದು ಕೂತರು. ಕಳ್ಳಿ ಗಿಡದ ವಿಷಯ ಎಂದು ತಿಳಿದ ಮೇಲೆ ಒಂದೂ ಮಾತಾಡದೆ ಮಗ್ಗುಲು ಬದಲಿಸಿ ಮಲಗಿದರು. ಈಗ ದಿನಾ ಬೆಳಿಗ್ಗೆ ದೋಸೆಯ ಮುಂದೆ ಕೂತು, "ರೋಗಿ ಹೇಗಿದ್ದಾರಂತೆ?" ಎಂದು ಗಂಭೀರವಾಗಿ ವಿಚಾರಿಸುವುದು ಅವರಿಗೊಂದು ಆಟವಾಗಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಏನು ಹೇಳಹೊರಟರೂ ಅರ್ಧಕ್ಕೇ ನಿನ್ನ "ಹ್ಞೂಂ ಅಕ್ಕ, ಸರಿ ಅಕ್ಕ" ಶುರುವಾಗುತ್ತದೆ. ಮೇಲಾಗಿ ಇಲ್ಲಿ ಆಷಾಢದ ಮಳೆ ಹಿಡಿದಿದೆ. ಟವರ್ ಸಿಕ್ಕರೆ ಕರೆಂಟಿಲ್ಲ, ಕರೆಂಟಿದ್ದರೆ ಟವರಿಲ್ಲ. ಕೂತು ಬರೆಯುವುದೇ ಸುಖ. ತೋಟದ ಕಡೆ ನೋಡಲಿಕ್ಕೇ ಈಗ ಮನಸ್ಸಾಗುವುದಿಲ್ಲ. ಅಡಿಕೆಗೆ ಕೊಳೆ ಬಾರದಿರಲೆಂದು ಮೊದಲನೇ ಸಲದ ಔಷಧಿ ಹೊಡೆಸಿ ಆಗಿದೆ. ಎರಡನೇ ಸಲಕ್ಕೆ ಮರ ಹತ್ತುವವರು ಸಿಗುತ್ತಿಲ್ಲ, ಅವರು ಸಿಕ್ಕ ದಿನ ಮಳೆ ಬಿಡುವುದಿಲ್ಲ. ಬುಡದಲ್ಲಿ ಹಸಿರಡಿಕೆ ಉದುರಿ ಬಿದ್ದದ್ದು ಕಂಡಾಗ ನಿನ್ನ ಭಾವನ ಮುಖ ನೋಡಬೇಕು. ಇಂಥ ದಿನಗಳಲ್ಲಿ ಅವರನ್ನು ನಗಿಸುತ್ತಿರುವುದು ನಿನ್ನ ಗಿಡವೊಂದೇ. ಹಾಗಾಗಿ ಆಡಿಕೊಂಡರೆ ಬೇಜಾರು ಮಾಡಿಕೊಳ್ಳಬೇಡ.

ಕೊಳೆಯ ಮಾತು ಬಂತಲ್ಲ, ನಿನ್ನ ಗಿಡದ ವಿಷಯದಲ್ಲೂ ನಾನು ಹೆದರುವುದು ಅದೊಂದಕ್ಕೇ. ವಾಲುವುದರಲ್ಲಿ ಎರಡು ಬಗೆಯಿದೆ ಪುಟ್ಟಿ. ಬೆಳಕಿಗಾಗಿ ವಾಲಿದ್ದು ಒಂದು, ಬುಡ ಸೋತು ವಾಲಿದ್ದು ಇನ್ನೊಂದು. ಮೊದಲನೆಯದು ನೋಡಲಿಕ್ಕೆ ಮಾತ್ರ ಚೆನ್ನಾಗಿರುವುದಿಲ್ಲ. ಎರಡನೆಯದರಲ್ಲಿ ಒಂದು ವಾರ ತಡ ಮಾಡಿದರೂ ಗಿಡ ಕೈಬಿಟ್ಟು ಹೋದೀತು. ಆದ್ದರಿಂದ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ನೋಡಿ ಬಾ. ಪೆನ್ಸಿಲಿನ ಹಿಂಬದಿಯಿಂದ, ಮಣ್ಣಿಗೆ ತಾಗಿದ ಭಾಗವನ್ನು ಸುತ್ತಲೂ ಮೆಲ್ಲಗೆ ಒತ್ತು. ಗಟ್ಟಿಯಾಗಿದ್ದರೆ ಬಂದು ಕೂತು ಮುಂದೆ ಓದು. ಎಲ್ಲಾದರೂ ಮೆತ್ತಗೆ ಒಳಕ್ಕೆ ಹೋದರೆ, ನೀರು ಒಸರಿದರೆ, ಕಪ್ಪಗಾಗಿ ಕೆಟ್ಟ ವಾಸನೆ ಬಂದರೆ ಮಾತ್ರ ಮಳೆಯೋ ಸಿಡಿಲೋ, ನನಗೆ ಫೋನ್ ಸಿಗುವವರೆಗೂ ಮಾಡುತ್ತಿರು. ಚರ್ಮ ಕಂದಾಗಿ ಒಣಗಿ ತೊಗಟೆ ಕಟ್ಟಿದ್ದರೆ ಅದು ರೋಗವಲ್ಲ. ವಯಸ್ಸಾದ ಕಳ್ಳಿಗಳ ಬುಡ ಹಾಗೇ ಆಗುತ್ತದೆ.

ಒಂದು ತಮಾಷೆ ಗೊತ್ತಾ? ನಮ್ಮ ಅಡಿಕೆಗೆ ಕೊಳೆ ತರುವ ಫೈಟೊಫ್ತೋರ ಕುಲದಲ್ಲೇ ಕಳ್ಳಿಯನ್ನು ಕೊಳೆಸುವ ಜಾತಿಯೂ ಇದೆ. ಅದರ ಹೆಸರೇ ಫೈಟೊಫ್ತೋರ ಕ್ಯಾಕ್ಟೋರಮ್. 1870ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಕೊಳೆತ ಕಳ್ಳಿಗಳಲ್ಲಿ. ಅಂದರೆ ನಿನ್ನ ಭಾವನೂ ನೀನೂ ಒಂದೇ ವಂಶದ ಶತ್ರುವಿಗೆ ಹೆದರಿ ಕೂತಿದ್ದೀರಿ. ಇದನ್ನು ಹೇಳಿದ ಮೇಲೆ ಅವರ ಗೇಲಿ ಸ್ವಲ್ಪ ಕಡಿಮೆಯಾಗಿದೆ. ನಾವಿಲ್ಲಿ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ 100 ಲೀಟರ್ ನೀರಿಗೆ ಕಲಸಿ ಮರ ಮರಕ್ಕೂ ಹೊಡೆಸಬೇಕು. ನಿನಗೆ ಆ ಕಷ್ಟವಿಲ್ಲ, ಚೊಂಬು ಕೆಳಗಿಟ್ಟರೆ ಸಾಕು.

ನೋಡಿ ಬಂದೆಯಾ? ಗಟ್ಟಿಯಾಗಿಯೇ ಇರುತ್ತದೆ ಎಂದು ನನಗೆ ಮುಕ್ಕಾಲು ಪಾಲು ಧೈರ್ಯವಿದೆ. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗಿನ ನಾಲ್ಕು ಬೆರಳಿನಷ್ಟು ಭಾಗ ದಪ್ಪವಾಗಿ, ನೀಲಿ ಬೆರೆತ ಹಸಿರಾಗಿ, ಮುಳ್ಳು ಬಲಿತು ನಿಂತಿದೆ. ಅದು ನರ್ಸರಿಯಲ್ಲಿ ಬೆಳೆದದ್ದು. ಅಲ್ಲಿಂದ ಮೇಲಕ್ಕೆ ಸಣ್ಣಗಾಗಿ, ತಿಳಿಹಸಿರಾಗಿ, ಮುಳ್ಳು ಇದ್ದೂ ಇಲ್ಲದಂತಾಗಿ ಬಲಕ್ಕೆ ಓಡಿದೆ. ಅದು ನಿನ್ನ ಮನೆಯಲ್ಲಿ ಬೆಳೆದದ್ದು. ಬೆಳಕು ಸಾಲದ ಕಳ್ಳಿ ದಪ್ಪವಾಗುವುದನ್ನು ಬಿಟ್ಟು ಉದ್ದವಾಗುತ್ತದೆ, ಮುಂದೆಲ್ಲಾದರೂ ಬೆಳಕು ಸಿಕ್ಕೀತೆಂದು. ಮೇ ತಿಂಗಳಲ್ಲಿ "ಅಕ್ಕಾ, ಎಷ್ಟು ಬೇಗ ಬೆಳೀತಿದೆ ನೋಡು" ಎಂದು ನೀನು ಹಿಗ್ಗಿದೆಯಲ್ಲ, ಅದು ಬೆಳೆಯುತ್ತಿರಲಿಲ್ಲ, ಹುಡುಕುತ್ತಿತ್ತು.

ಇನ್ನು ಮೂರನೇ ಫೋಟೋ. ಗಿಡ ಇದೆ, ಲ್ಯಾಪ್‌ಟಾಪ್ ಇದೆ, ಎರಡು ಕಾಫಿ ಲೋಟ ಇದೆ, ಕಿಟಕಿ ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ಕಂಪ್ಯೂಟರಿನ ಪಕ್ಕ ಕಳ್ಳಿ ಇಟ್ಟರೆ ವಿಕಿರಣ ಹೀರಿಕೊಳ್ಳುತ್ತದೆ ಎಂದು ನಿನಗೆ ಯಾರು ಹೇಳಿದರು? ಆಫೀಸುಗಳಲ್ಲೆಲ್ಲ ಈ ಮಾತು ಓಡಾಡುತ್ತದಂತೆ. ಹಾಗೇನೂ ಇಲ್ಲ ಮಾರಾಯ್ತಿ. ಅದಕ್ಕೆ ಹೀರಲಿಕ್ಕೆ ಬೇಕಾದದ್ದು ಬೆಳಕು, ಅದೇ ಅಲ್ಲಿಲ್ಲ. ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಕೋಣೆ ತುಂಬ ಬೆಳಕಿದೆ ಎಂದು ನಮಗನ್ನಿಸುತ್ತಿರುತ್ತದೆ. ಕಿಟಕಿಯಿಂದ ಎರಡು ಮಾರು ಒಳಗೆ ಬಂದರೆ ಕಳ್ಳಿಯ ಲೆಕ್ಕದಲ್ಲಿ ಅದು ಕತ್ತಲೆಯೇ.

"ಬೆಳಕು ಯಾವ ಕಡೆ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ, ಕಣ್ಣಿದೆಯಾ?" ಎಂದು ಕೇಳಿದ್ದೀಯ. ಸಣ್ಣವಳಿದ್ದಾಗಲೂ ನಿನ್ನ ಪ್ರಶ್ನೆಗಳು ಹೀಗೇ ಇರುತ್ತಿದ್ದವು, ಉತ್ತರ ಹೇಳುವವರಿಗೆ ಬೆವರಿಳಿಸುವಂಥವು. ನಿನ್ನ ಈ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತು. ಮುಪ್ಪಿನಲ್ಲಿ, ಮಗ ಫ್ರಾನ್ಸಿಸ್‌ನನ್ನು ಜೊತೆಗಿಟ್ಟುಕೊಂಡು, ಹುಲ್ಲಿನ ಮೊಳಕೆಗಳ ಮುಂದೆ ಕೂತ. ಮೊಳಕೆಯ ತುದಿಗೆ ತವರದ ಹಾಳೆಯ ಪುಟ್ಟ ಟೊಪ್ಪಿ ಹಾಕಿದರೆ ಅದು ಬೆಳಕಿನ ಕಡೆ ಬಾಗುತ್ತಿರಲಿಲ್ಲ. ತುದಿಯನ್ನು ಬಿಟ್ಟು ಕೆಳಗೆ ಮುಚ್ಚಿದರೆ ಬಾಗುತ್ತಿತ್ತು. ನೋಡುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ! ಅಪ್ಪ-ಮಗ ಸೇರಿ 1880ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ತುದಿಯಿಂದ ಕೆಳಗಿಳಿಯುವುದು ಒಂದು ರಾಸಾಯನಿಕ ಎಂದು 1920ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಎಂಬ ಡಚ್ ವಿಜ್ಞಾನಿ ತೋರಿಸಿಕೊಟ್ಟ. ಆಕ್ಸಿನ್ ಎಂದು ಅದಕ್ಕೆ ಹೆಸರು. ಬೆಳಕು ಬೀಳದ ಮಗ್ಗುಲಿಗೆ ಅದು ಹೆಚ್ಚಾಗಿ ಸರಿಯುತ್ತದೆ, ಅಲ್ಲಿನ ಕೋಶಗಳನ್ನು ಉದ್ದಕ್ಕೆ ಹಿಗ್ಗಿಸುತ್ತದೆ. ಒಂದು ಮಗ್ಗುಲು ಉದ್ದ, ಇನ್ನೊಂದು ಮಗ್ಗುಲು ಗಿಡ್ಡ ಆದರೆ ಕಾಂಡ ಬಾಗದೆ ಇನ್ನೇನು ಮಾಡೀತು?

ಹೀಗೆ ಹಿಗ್ಗಿ ಬಲಿತ ಕೋಶ ಮತ್ತೆ ಕುಗ್ಗುವುದಿಲ್ಲ ಪುಟ್ಟಿ. ನಾನು ಇಷ್ಟುದ್ದ ಬರೆಯುತ್ತಿರುವುದು ಈ ಒಂದು ಮಾತಿಗಾಗಿ. ಬಾಗಿದ ಜಾಗ ಬಾಗಿಯೇ ಇರುತ್ತದೆ, ನೀನು ಏನು ಮಾಡಿದರೂ. ಬೆಳಕು ಸರಿಹೋದರೆ ಅದರ ಮೇಲೆ ಹೊಸದಾಗಿ ಬರುವ ಭಾಗ ನೆಟ್ಟಗೆ ಬರುತ್ತದೆ, ದಪ್ಪಗೂ ಬರುತ್ತದೆ. ನಡುವೆ ಒಂದು ಸಣ್ಣ ಸೊಂಟ, ಒಂದು ಸೊಟ್ಟ ಉಳಿದುಕೊಳ್ಳುತ್ತದೆ. ಉಳಿಯಲಿ ಬಿಡು.

ಅದಕ್ಕೇ ಹೇಳುತ್ತೇನೆ, ಆ ಕಟ್ಟನ್ನು ಮೊದಲು ಬಿಚ್ಚು. ಮೇಜಿನ ದೀಪದ ಕಂಬಕ್ಕೆ ಎಳೆದು ಬಿಗಿದಿದ್ದೀಯಲ್ಲ, ನೋಡಿದರೆ ನನಗೇ ಕುತ್ತಿಗೆ ನೋಯುತ್ತದೆ. ಹೊರಗೆ ಮೆತ್ತಗೆ ಕಂಡರೂ ಕಳ್ಳಿಯ ಒಳಗೆ ನಾರು ಕಟ್ಟಿದ ಗಟ್ಟಿ ಬಳೆಯೊಂದಿದೆ, ನೀರು ಮೇಲೇರುವುದು ಅದರಲ್ಲಿ. ಜೋರು ಮಾಡಿದರೆ ಒಳಗೆ ಅದು ಮುರಿಯುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ಆಧಾರ ಕೊಡಲೇಬೇಕೆನಿಸಿದರೆ ಕುಂಡದಲ್ಲೇ ಒಂದು ಬಿದಿರು ಕಡ್ಡಿ ನೆಟ್ಟು, ಹಳೆಯ ಹತ್ತಿ ಸೀರೆಯ ಪಟ್ಟಿಯಿಂದ, ಕಿರುಬೆರಳು ತೂರುವಷ್ಟು ಸಡಿಲವಾಗಿ ಕಟ್ಟು. ಬೀಳದಿರಲಿ ಎಂದು ಕಟ್ಟುವುದು, ನೆಟ್ಟಗಾಗಲಿ ಎಂದಲ್ಲ.

ಅಂದಹಾಗೆ, ನೀನು ಕಟ್ಟಿರುವುದು ಆಫೀಸಿನ ಐಡಿ ಕಾರ್ಡಿನ ಪಟ್ಟಿಯಲ್ಲಿ. ಕಾರ್ಡು ಅದರಲ್ಲಿ ಕಾಣಲಿಲ್ಲ. ಕೊರಳಲ್ಲಿರಬೇಕಾದದ್ದು ಗಿಡಕ್ಕೆ ಹೇಗೆ ಬಂತು ಎಂದು ನಾನು ಕೇಳುತ್ತಿಲ್ಲ. ಫೋಟೋ ಚಿಕ್ಕಮ್ಮನೂ ನೋಡಿದರು, ಆದರೆ ಅವರ ಕಣ್ಣು ಹಿಂದೆ ಕುರ್ಚಿಯ ಮೇಲೆ ಗುಡ್ಡೆ ಬಿದ್ದ ಬಟ್ಟೆಯ ಮೇಲೇ ಇತ್ತು, ಹಾಗಾಗಿ ನೀನು ಬಚಾವು. ಕೆಲಸ ಬಿಟ್ಟಿದ್ದರೆ ಬಿಟ್ಟೆ ಅನ್ನು, ಆಫೀಸಿನವರೇ ಬಿಡಿಸಿದ್ದರೆ ಬಿಡಿಸಿದರು ಅನ್ನು, ಏನೂ ಆಗಿಲ್ಲದಿದ್ದರೆ ನನ್ನದೇ ಹುಚ್ಚು ಎಂದು ನಕ್ಕುಬಿಡು. ಬಾಡಿಗೆಗೆ ತಾಪತ್ರಯವಾದರೆ ಮಾತ್ರ ಬಾಯಿ ಬಿಟ್ಟು ಹೇಳಬೇಕು. ಕಳೆದ ವರ್ಷದ ಅಡಿಕೆ ದುಡ್ಡು ಇನ್ನೂ ಸ್ವಲ್ಪ ಹಾಗೇ ಇದೆ. ಇದನ್ನು ಬರೆ ಎಂದು ಹೇಳಿದ್ದು ನಿನ್ನ ಭಾವನೇ, ರೋಗಿಯ ಕ್ಷೇಮ ವಿಚಾರಿಸಿ ದೋಸೆ ಮುಗಿಸಿದ ಮೇಲೆ. ಹೇಳಬೇಕು ಅನ್ನಿಸಿದಾಗ ಹೇಳು, ಅವಸರವಿಲ್ಲ.

ಈಗ ಗಿಡವನ್ನು ಎಲ್ಲಿಡಬೇಕು ಎಂಬುದಕ್ಕೆ ಬರೋಣ. ನೀನು ಓದಿರುವ ಇಂಗ್ಲಿಷ್ ಪುಸ್ತಕಗಳೆಲ್ಲ ದಕ್ಷಿಣದ ಕಿಟಕಿಯಲ್ಲಿಡಿ ಎನ್ನುತ್ತವೆ. ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಅವರು ಹೇಳುವುದು ಅವರಿಗೆ ಸರಿ. ನೀನಿರುವುದು 13 ಡಿಗ್ರಿ ಅಕ್ಷಾಂಶದ ಊರಿನಲ್ಲಿ. ಏಪ್ರಿಲ್ 24ರ ಸುಮಾರಿಗೆ ನಡು ಮಧ್ಯಾಹ್ನ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆಲ್ಲ ತೋರಿಸುತ್ತಾರಲ್ಲ, ಅದೇ. ಅಲ್ಲಿಂದಾಚೆ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಿನ್ನ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕಿರುವ ನಿನ್ನ ಕೋಣೆಯ ಕಿಟಕಿಗೆ, ಅದೂ ಮೇಲೊಂದು ಸಜ್ಜಾ ಇರುವಾಗ, ಇಷ್ಟು ತಿಂಗಳು ಬಿಸಿಲು ಬಂದೀತಾದರೂ ಎಲ್ಲಿಂದ? ಡಿಸೆಂಬರಿನಲ್ಲಾದರೆ ಅದೇ ಕಿಟಕಿಯಲ್ಲಿ ಬಿಸಿಲು ಮೇಜಿನವರೆಗೂ ಬರುತ್ತದೆ, ನೋಡುತ್ತಿರು.

ಗಿಡ ಬಲಕ್ಕೆ ವಾಲಿದೆಯಲ್ಲ, ಆ ಕಡೆ ಏನಿದೆ ಎಂದು ಯೋಚಿಸಿದೆ. ಗೃಹಪ್ರವೇಶಕ್ಕೆ, ಅಂದರೆ ನೀನು ಬಾಡಿಗೆಗೆ ಸೇರಿದ ದಿನ ಹಾಲುಕ್ಕಿಸಿದೆವಲ್ಲ ಅವತ್ತು ನೋಡಿದ ನೆನಪು: ಬಲಕ್ಕೆ ಅಡುಗೆಮನೆ, ಅದರಾಚೆ ವಾಷಿಂಗ್ ಮೆಷಿನ್ ಇಟ್ಟ ಯುಟಿಲಿಟಿ. ಅದು ಪೂರ್ವ. ಬೆಳಗಿನ ಬಿಸಿಲು ಪಕ್ಕದ ಕಟ್ಟಡ ತಪ್ಪಿಸಿಕೊಂಡು ಬರುವುದು ಆ ಒಂದೇ ಸಂದಿಯಲ್ಲಿ. ಗಿಡ ಇಷ್ಟು ದಿನ ಬೆರಳು ಮಾಡಿ ತೋರಿಸುತ್ತಿದ್ದದ್ದು ಅಲ್ಲಿಗೇ ಮಾರಾಯ್ತಿ! ಅಲ್ಲಿನ ಕಟ್ಟೆಯ ಮೇಲೆ ಅದಕ್ಕೊಂದು ಜಾಗ ಮಾಡಿಕೊಡು. ಮೂರು-ನಾಲ್ಕು ತಾಸು ಎಳೆಬಿಸಿಲು ಬಿದ್ದರೆ ಅದು ಚೇತರಿಸಿಕೊಳ್ಳುತ್ತದೆ.

ಆದರೆ ಇವತ್ತೇ ಒಯ್ದು ಬಿಸಿಲಿನಲ್ಲಿ ನಿಲ್ಲಿಸಬೇಡ. ನೆರಳಲ್ಲಿ ಬೆಳೆದ ಆ ತಿಳಿಹಸಿರು ಚರ್ಮ ಸುಟ್ಟು ಬೆಳ್ಳಗಾಗುತ್ತದೆ, ಆ ಕಲೆ ಎಂದಿಗೂ ಹೋಗುವುದಿಲ್ಲ. ಮೊದಲು ಯುಟಿಲಿಟಿಯ ಒಳಮೂಲೆಯಲ್ಲಿಡು, ವಾರಕ್ಕಿಷ್ಟು ಹೊರಕ್ಕೆ ಸರಿಸು. ಮೂರು ವಾರ ಹಿಡಿದರೂ ಚಿಂತೆಯಿಲ್ಲ. ಆಮೇಲೆ ಭಾನುವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸು, ಆಗ ಎಲ್ಲ ಮಗ್ಗುಲಿಗೂ ಬೆಳಕು ಸಿಕ್ಕಿ ಅದು ಒಂದೇ ಕಡೆ ಓಡುವುದಿಲ್ಲ. ಗಿಡ ತಿರುಗಿಸಲಿಕ್ಕೆ ಹೋದವಳು ಹಾಗೇ ಆ ಬಟ್ಟೆಯ ಗುಡ್ಡೆಯನ್ನೂ ಮೆಷಿನ್ನಿಗೆ ಹಾಕು. ಇದು ಚಿಕ್ಕಮ್ಮ ಬರೆಸಿದ್ದು.

ನೀರಿನ ವಿಷಯದಲ್ಲಿ ನಿನ್ನದು ಪ್ರೀತಿಯ ಕೈ, ಅದೇ ಕಷ್ಟ. ಕಳ್ಳಿಯದು ಜಿಪುಣರ ಸಂಸಾರ. ಹಗಲು ಹೊತ್ತು ಉಸಿರಾಡಿದರೆ ನೀರು ಆರಿಹೋಗುತ್ತದೆಂದು ಮೈಮೇಲಿನ ಕಿಂಡಿಗಳನ್ನೆಲ್ಲ ಮುಚ್ಚಿಕೊಂಡಿರುತ್ತದೆ. ರಾತ್ರಿ ತಂಪಾದ ಮೇಲೆ ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲು ಬಾಗಿಲು ಹಾಕಿಕೊಂಡೇ ಅಡುಗೆ ಮುಗಿಸುತ್ತದೆ. ಅಂಥವರ ಮನೆಗೆ ದಿನಾ ಬೆಳಿಗ್ಗೆ ಕೊಡಪಾನ ಹೊತ್ತುಕೊಂಡು ಹೋದರೆ ಅವರಾದರೂ ಏನು ಮಾಡಬೇಕು? ದೇವರ ಮುಂದೆ ಊದಿನಕಡ್ಡಿ ಹಚ್ಚುತ್ತೀಯಲ್ಲ (ಹಚ್ಚುತ್ತೀಯ ಎಂದು ಅಂದುಕೊಂಡಿದ್ದೇನೆ), ಉರಿದು ಉಳಿದ ಕಡ್ಡಿ ಎಸೆಯಬೇಡ. ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡು. ತೇವವಾಗಿ ಮಣ್ಣು ಅಂಟಿಕೊಂಡು ಬಂದರೆ ಇನ್ನೂ ನೀರು ಬೇಡ. ಪೂರಾ ಒಣಗಿದ್ದರೆ, ಅದರ ಮೇಲೂ ನಾಲ್ಕು ದಿನ ತಡೆದು, ತಳದ ತೂತಿನಿಂದ ಹರಿದುಹೋಗುವಷ್ಟು ಧಾರಾಳವಾಗಿ ಹಾಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡು. ದಿನಕ್ಕೊಂದು ಚಮಚ ಎಂಬ ನಿನ್ನ ಲೆಕ್ಕ ಬೇಡವೇ ಬೇಡ. ಅದು ಬೇರಿಗೆ ಮುಟ್ಟದೆ ಬುಡವನ್ನಷ್ಟೇ ಒದ್ದೆಯಾಗಿಡುತ್ತದೆ. ಮೋಡ ಮುಚ್ಚಿಕೊಂಡಿರುವ ಈ ದಿನಗಳಲ್ಲಿ ತಿಂಗಳಿಗೊಮ್ಮೆ ಹಾಕಿದರೂ ಸಾಕಾದೀತು.

ಬಿಸಿಲಿನ ಎರಡು ದಿನ ಒಟ್ಟಿಗೆ ಸಿಕ್ಕಾಗ ಕುಂಡ ಬದಲಿಸು. ಈಗಿರುವುದರಲ್ಲಿ ಮೇಲಿನ ನೀಲಿ-ಗುಲಾಬಿ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿದ್ದಾರೆ, ಅವುಗಳ ಕೆಳಗೆ ಒಣಗಿದೆಯೋ ನೆನೆದಿದೆಯೋ ಯಾವ ದೇವರಿಗೂ ಕಾಣದು. ಕೆಳಗೆ ತುಂಬಿರುವುದು ಬರೀ ಕೊಕೊಪೀಟ್. ಅದು ಒದ್ದೆಯಾದರೆ ಬೇಗ ಒಣಗುವುದಿಲ್ಲ, ಒಣಗಿ ಮುದುಡಿದರೆ ಮತ್ತೆ ನೆನೆಯುವುದಿಲ್ಲ, ಹಾಕಿದ ನೀರೆಲ್ಲ ಅಂಚಿನಲ್ಲೇ ಇಳಿದುಹೋಗುತ್ತದೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡ ತಾ, ಈಗಿನದಕ್ಕಿಂತ ಒಂದು ಬೆರಳು ಅಗಲ ಸಾಕು. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಎಲೆಗೊಬ್ಬರ, ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ತೆಗೆ. ಬೆಂಗಳೂರಿನಲ್ಲಿ ಬೀದಿಗೆ ನಾಲ್ಕು ಮನೆ ಏಳುತ್ತಿರುತ್ತವೆ, ಇಟ್ಟಿಗೆ ಚೂರಿಗೇನು ಬರ? ಗಿಡ ಹಿಡಿಯಲಿಕ್ಕೆ ದಿನಪತ್ರಿಕೆಯನ್ನು ನಾಲ್ಕೈದು ಮಡಿಕೆ ಮಡಿಸಿ ಪಟ್ಟಿ ಮಾಡಿ, ಅದರ ಸೊಂಟಕ್ಕೆ ಸುತ್ತಿ ಹಿಡಿದು ಎತ್ತು. ಕೂರಿಸುವಾಗ ಬೇರಿನ ಗಡ್ಡೆಯನ್ನೇ ತುಸು ಓರೆ ಮಾಡು, ಗಿಡದ ತಲೆ ಕುಂಡದ ನಡುಮಧ್ಯಕ್ಕೆ ಬರುವ ಹಾಗೆ. ಸೊಟ್ಟ ಹೋಗುವುದಿಲ್ಲ, ಭಾರ ನಡುವಿಗೆ ಬಂದು ಬೀಳುವ ಭಯ ಹೋಗುತ್ತದೆ. ನೆಟ್ಟಗೆ ನಿಲ್ಲಲಿ ಎಂದು ಬುಡವನ್ನು ಮೊದಲಿಗಿಂತ ಆಳಕ್ಕೆ ಹೂಳಬೇಡ. ನೆಟ್ಟ ಮೇಲೆ ಒಂದು ವಾರ ನೀರಿಲ್ಲ, ಕಿತ್ತುಹೋದ ಬೇರಿನ ಗಾಯ ಒಣಗಬೇಕು.

ಕತ್ತರಿಸಿ ನೆಡುವ ದಾರಿಯೂ ಇದೆ. ಆ ಸಣ್ಣ ಸೊಂಟದ ಮೇಲೆ ದಪ್ಪ ತಲೆ ಬೆಳೆದು ತೂಗಾಡಿದರೆ ಎರಡು ವರ್ಷ ಬಿಟ್ಟು ಬೇಸಿಗೆಯಲ್ಲಿ ಮಾಡೋಣ. ಬುಡ ಕೊಳೆತರೆ ಮಾತ್ರ ಕಾಯದೆ ಮಾಡಬೇಕಾಗುತ್ತದೆ: ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ, ಒಳಗಿನ ಬಳೆಯಲ್ಲಿ ಕಂದು ಚುಕ್ಕೆ ಒಂದೂ ಕಾಣದವರೆಗೆ ಮೇಲಕ್ಕೆ ಮೇಲಕ್ಕೆ ಕತ್ತರಿಸುತ್ತ ಹೋಗಬೇಕು, ಪ್ರತಿ ಸಲವೂ ಚಾಕು ಒರೆಸಬೇಕು. ಉಳಿದ ತುಂಡನ್ನು ಗಾಯ ಒಣಗಿ ಗಟ್ಟಿಯಾಗುವವರೆಗೆ ಒಂದೆರಡು ವಾರ ನೆರಳಿನಲ್ಲಿ ನಿಲ್ಲಿಸಿಯೇ ಇಡಬೇಕು, ಖಾಲಿ ಲೋಟದಲ್ಲಿ. ಮಲಗಿಸಿದರೆ ಒಣಗುವಷ್ಟರಲ್ಲಿ ಅದೂ ಬೆಳಕಿನ ಕಡೆ ತಲೆ ಎತ್ತಿ ಹೊಸ ಸೊಟ್ಟ ತಂದುಕೊಳ್ಳುತ್ತದೆ! ಕತ್ತರಿಸಿದಾಗ ಬಿಳಿ ಹಾಲು ಸುರಿದರೆ ಅದು ಸಾಮಾನ್ಯವಾಗಿ ಕ್ಯಾಕ್ಟಸ್ ಅಲ್ಲ, ನಮ್ಮ ಬೇಲಿಯ ಕಳ್ಳಿಯ ನೆಂಟ. ಆ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ನಿನ್ನದು ಅದಲ್ಲ, ಮುಳ್ಳುಗಳ ಬುಡದಲ್ಲೆಲ್ಲ ಹತ್ತಿಯಂಥ ಸಣ್ಣ ಮೆತ್ತೆ ಕಾಣುತ್ತದೆ.

ಫೀನಿಕ್ಸ್‌ನಲ್ಲಿರುವ ನಮ್ಮ ಅಣ್ಣನಿಗೆ ನಿನ್ನ ಫೋಟೋ ಕಳಿಸಿದೆ, ಕೋಪ ಮಾಡಿಕೊಳ್ಳಬೇಡ. ಅವನ ಮನೆಯಿಂದ ಹೊರಗೆ ಕಾಲಿಟ್ಟರೆ ಕಳ್ಳಿಗಳ ಸೀಮೆಯೇ ಅಲ್ಲವೇ. "ಇಲ್ಲಿ ನೆಟ್ಟಗಿರುವುದನ್ನೇ ಹುಡುಕಬೇಕು" ಎಂದು ಬರೆದಿದ್ದಾನೆ. ಅರಿಜೋನಾದ ಪೀಪಾಯಿ ಕಳ್ಳಿಗಳು ದಕ್ಷಿಣಕ್ಕೋ ನೈಋತ್ಯಕ್ಕೋ ವಾಲಿ ಬೆಳೆಯುತ್ತವೆ, ಅದಕ್ಕೇ ಅವನ್ನು ದಿಕ್ಸೂಚಿ ಕಳ್ಳಿ ಎಂದೂ ಕರೆಯುತ್ತಾರೆ. ಕೆಲವು ಮುದುಕ ಕಳ್ಳಿಗಳು ವಾಲಿ ವಾಲಿ ಕೊನೆಗೆ ತಮ್ಮ ಭಾರಕ್ಕೇ ಬುಡ ಕಿತ್ತು ಬೀಳುವುದೂ ಉಂಟು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಕೋಪಿಯಾಪೋವಾ ಎಂಬ ಬೂದು ಕಳ್ಳಿಗಳ ಹಿಂಡಿಗೆ ಹಿಂಡೇ ಉತ್ತರಕ್ಕೆ ತಲೆ ಬಾಗಿಸಿರುತ್ತದೆ, ಭೂಮಧ್ಯರೇಖೆಯ ಆಚೆ ಸೂರ್ಯ ಇರುವುದು ಆ ಕಡೆಗೆ. ಸಿನಿಮಾಗಳಲ್ಲಿ ಕೈ ಎತ್ತಿ ನಿಂತಿರುತ್ತದಲ್ಲ ಆ ದೈತ್ಯ ಸಗ್ವಾರೊ, 12 ಮೀಟರ್ ಬೆಳೆಯುತ್ತದೆ, 150 ವರ್ಷ ಬಾಳುತ್ತದೆ. ಅದರ ತೋಳು ಕೂಡ ಒಂದು ಕೆಟ್ಟ ಹಿಮದ ರಾತ್ರಿಗೆ ಸೋತು ಜೋತುಬಿದ್ದು, ಆಮೇಲೆ ತುದಿಯಿಂದ ಮತ್ತೆ ಮೇಲಕ್ಕೆ ತಿರುಗಿ ಬೆಳೆಯುತ್ತದಂತೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಒಂದು ಕಳ್ಳಿ. ಅದು ಎದ್ದು ನಿಲ್ಲುವ ಉಸಾಬರಿಗೇ ಹೋಗುವುದಿಲ್ಲ. ಮರಳಿನ ಮೇಲೆ ಮಲಗಿಕೊಂಡೇ, ತುದಿಯನ್ನಷ್ಟೇ ತುಸು ಎತ್ತಿ ಮುಂದೆ ಮುಂದೆ ಬೆಳೆಯುತ್ತದೆ. ಹೊಟ್ಟೆಯ ಕೆಳಗೆ ಹೊಸ ಬೇರು ಬಿಡುತ್ತದೆ, ಹಿಂದಿನ ಬುಡ ಸತ್ತು ಮಣ್ಣಾಗುತ್ತದೆ. ವರ್ಷಗಳು ಕಳೆದ ಮೇಲೆ ನೋಡಿದರೆ ಗಿಡ ಇದ್ದ ಜಾಗದಲ್ಲಿ ಇರುವುದಿಲ್ಲ!

ಅಷ್ಟು ದೂರ ಯಾಕೆ, ನಮ್ಮ ಜಗಲಿಯ ಬ್ರಹ್ಮಕಮಲವೂ ಕ್ಯಾಕ್ಟಸ್ಸೇ ಎಂದು ನಿನಗೆ ಗೊತ್ತಿತ್ತಾ? ಮೆಕ್ಸಿಕೊ ಕಡೆಯ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವಂಥದ್ದು, ಅದಕ್ಕೇ ನಮ್ಮ ಮಳೆಗೆ ಹೆದರುವುದಿಲ್ಲ. ನಾವು ಎಲೆ ಎಂದುಕೊಂಡಿರುವುದು ಅದರ ಕಾಂಡ. ನಿನ್ನ ಗಿಡ ಸೊಟ್ಟ ಎಂದು ಅಳುತ್ತೀಯಲ್ಲ, ಈ ಮಹಾರಾಯನ ಮೈಯಲ್ಲಿ ಒಂದು ಗೇಣು ನೆಟ್ಟಗಿಲ್ಲ. ಒಂದು ಕವಲು ಹೆಂಚಿಗೆ ಹೊರಟಿದೆ, ಒಂದು ತೊಟ್ಟಿಲ ಕೊಕ್ಕೆಗೆ ಸುತ್ತಿಕೊಂಡಿದೆ, ಮತ್ತೊಂದು ನೆಲ ಮುಟ್ಟಿ ಎಲ್ಲರ ಕಾಲಿಗೆ ಸಿಗುತ್ತದೆ. ಮೊನ್ನೆ ಒಂದೇ ರಾತ್ರಿ ಏಳು ಹೂವು ಬಿಟ್ಟಿತು. ಕರೆಂಟಿರಲಿಲ್ಲ. ಕೊಡೆ ಹಿಡಿದುಕೊಂಡು ಕೇರಿಯವರೆಲ್ಲ ಬಂದರು, ಟಾರ್ಚು ಬಿಟ್ಟು ನೋಡಿದರು, ಕಷಾಯ ಕುಡಿದರು. ಚಿಕ್ಕಮ್ಮ ಆರತಿ ಮಾಡಿದರು. ಪರಿಮಳ ಅಡುಗೆಮನೆಯವರೆಗೂ ಬಂದಿತ್ತು. ನೀನು ಇರಬೇಕಿತ್ತು.

ದೊಡ್ಡಮ್ಮನ ಅಭಿಪ್ರಾಯವನ್ನೂ ಬರೆಯದಿದ್ದರೆ ನನಗೆ ಉಳಿಗಾಲವಿಲ್ಲ. ಮುಳ್ಳಿನ ಗಿಡ ಮನೆಯೊಳಗೆ ಇಟ್ಟರೆ ಏಳಿಗೆಯಿಲ್ಲ, ಮದುವೆ ತಡವಾಗುತ್ತದೆ, ಹೊರಗಿಡಲು ಹೇಳು ಎಂದಿದ್ದಾರೆ. ಯುಟಿಲಿಟಿಗೆ ಸಾಗಿಸಿದ್ದೇವೆ ಎಂದೆ. ತುಂಬ ಸಂತೋಷಪಟ್ಟರು. ವಾಸ್ತುವೂ ಬೆಳಕೂ ಒಂದೇ ಕಡೆ ಕೈ ತೋರಿಸುವುದು ಅಪರೂಪ, ನಾನೂ ಹೆಚ್ಚು ಬಿಡಿಸಿ ಹೇಳಲಿಲ್ಲ.

ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗೇ ಹೋಗುತ್ತೀಯ, ನಾನು ಬೇಡವೆಂದರೆ ಕೇಳುವವಳಲ್ಲ. ಕಳ್ಳಿಯ ನೆತ್ತಿಯ ಮೇಲೆ ಹಳದಿ, ಕೆಂಪು ಹೂವು ಅಂಟಿಸಿ ಮಾರುವವರು ಎಲ್ಲ ಕಡೆ ಇರುತ್ತಾರೆ, ಅವು ಒಣಹೂವು, ಅಂಟಿನವು. ಉಗುರಿನಿಂದ ಮುಟ್ಟಿ ನೋಡಿದರೆ ತಿಳಿಯುತ್ತದೆ. ಮೊಲದ ಕಿವಿಯಂತೆ ಮುದ್ದಾಗಿರುವ, ಚಿನ್ನದ ಬಣ್ಣದ ಚುಕ್ಕೆಗಳ ಪಾಪಾಸುಕಳ್ಳಿಯನ್ನಂತೂ ಮುಟ್ಟಬೇಡ. ಆ ಚುಕ್ಕೆಗಳೇ ಮುಳ್ಳು, ಕೂದಲಿಗಿಂತ ಸಣ್ಣ, ಕೊಕ್ಕೆ ಇರುವಂಥವು. ಮುಟ್ಟಿಯೇ ಮುಟ್ಟುತ್ತೀಯ ಎಂದು ಗೊತ್ತು, ಅದಕ್ಕೆ ಮೊದಲೇ ಉಪಾಯ ಹೇಳಿಡುತ್ತೇನೆ: ಕೈಗೆ ಫೆವಿಕಾಲ್ ಸವರಿ, ಒಣಗಲು ಬಿಟ್ಟು, ಪೊರೆ ಎತ್ತುವ ಹಾಗೆ ಎತ್ತು. ಬಹಳಷ್ಟು ಅದರ ಜೊತೆಗೇ ಬರುತ್ತದೆ.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ? ಗಿಡವನ್ನು ಯಾರ ಕೈಗೂ ಒಪ್ಪಿಸಿ ಬರಬೇಡ. ಎರಡು ವಾರ ಅದನ್ನು ಕೇಳುವವರಿಲ್ಲದಿದ್ದರೆ ಅದಕ್ಕೇ ಒಳ್ಳೆಯದು. ನಿನ್ನ ಮನೆ ಮಾಲಕಿ ಆಂಟಿಯ ಹತ್ತಿರ ಇನ್ನೊಂದು ಬೀಗದ ಕೈ ಇದೆಯಲ್ಲ, ಪಾಪ, ಒಳ್ಳೆಯ ಹೆಂಗಸು, ಕರುಣೆ ಉಕ್ಕಿ ದಿನಾ ನೀರು ಹಾಕಿಬಿಡುತ್ತಾರೆ. ಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕುಂಡಕ್ಕೆ ಚೀಟಿ ಅಂಟಿಸು. ತಾಳಗುಪ್ಪ ರೈಲಿನ ಟಿಕೆಟ್ ಈ ವಾರವೇ ಮಾಡಿಸು, ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ. ಬರುವಾಗ ನಿನ್ನ ಭಾವನಿಗೆ ಒಂದು ಜೊತೆ ಗಮ್‌ಬೂಟು ತಂದುಕೊಡು, 9ನೇ ನಂಬರಿನದು. ಇಲ್ಲಿಯ ಅಂಗಡಿಯಲ್ಲಿ ಉಳಿದಿರುವುದೆಲ್ಲ 7. ದುಡ್ಡು ನಿನ್ನ ಕೈಯಿಂದ ಹಾಕಬೇಡ, ನಾನು ಕಳಿಸುತ್ತೇನೆ.

ನಿನ್ನ
ಅಕ್ಕ